ಕಡಲ ಕಾವಲು

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಗೃಹಸ್ಥರಿಗೆ ಸಮುದ್ರವೆಂಬುದು ಕಥೆ ಪುರಾಣಗಳಲ್ಲಿ ಕೇಳಿದ ವಸ್ತುವೇ ಹೊರತು ಕಣ್ಣಾರೆ ಕಂಡುದಲ್ಲ. ನಮ್ಮ ಹೊಳೆಗಳು ಕೂಡ ಈ ವಿಷಯದಲ್ಲಿ ನಮ್ಮಂತೆಯೇ ಇವೆ. ಇಂಡಿ ಸಿಂದಗಿಗಳ ಅಂಚಿನಲ್ಲಿ ಹರಿಯುವ ಭೀಮೆಯು ಭೀಮಾಶಂಕರದಲ್ಲಿಯೂ, ಬಾಗೇವಾಡಿ ಮುದ್ದೇಬಿಹಾಳಗಳ ಕೃಷ್ಣೆಯು ಮಹಾಬಳೇಶ್ವರದಲ್ಲಿಯೂ ಹುಟ್ಟುತ್ತವೆ. ಆ ಬೆಟ್ಟಗಳಿಂದ ಪಡುವಣ ಕಡಲು ಒಂದೆರಡು ದಿನದ ಕಾಲುನಡಿಗೆಯ ದಾರಿ. ಆದರೂ ಈ ಹೊಳೆಗಳು ಅದಕ್ಕೆ ಬೆನ್ನು ತಿರುಗಿಸಿ, ಮೂಡಣಕ್ಕೆ ನೂರಾರು ಹರದಾರಿ ನಡೆದು, ಒಂದಾಗಿ ಬಂಗಾಲದ ಉಪಸಾಗರವನ್ನು ಸೇರುತ್ತವೆ. ತಾಳಿಕೋಟೆಯ ಕಡೆಗೆ ಹರಿಯುವ ನಮ್ಮ ನೆಚ್ಚಿನ ಡೋಣಿಯೂ ಒಂದು ಹೊಳೆಯೇ. ಅದನ್ನು ಕಡಲಿಗೆ ಇಳಿಸುವ ದೋಣಿಯೆಂದು ದೂರದ ಊರಿನವರು ತಪ್ಪು ತಿಳಿಯುವುದುಂಟು!

ಹಾಗಿದ್ದರೂ ಬಿಜಾಪುರಕ್ಕೆ ಒಂದು ಕಾಲಕ್ಕೆ ಸಮುದ್ರವಿತ್ತೆಂಬುದನ್ನು ಮರೆಯಲಾಗದು. ಆದಿಲಶಾಹಿಯ ಆಳಿಕೆ ಗೋವೆಯ ಬಂದರಿನವರೆಗೆ ಹಬ್ಬಿತ್ತು. ಅರಬಸ್ತಾನದ ಕುದುರೆಗಳು ಆ ಬಂದರಿನಲ್ಲಿ ಇಳಿದು ಘಟ್ಟ ಹತ್ತಿ ಬರುತ್ತಿದ್ದವು. 1510ರಲ್ಲಿ ಪೋರ್ತುಗೀಜರ ಅಲ್ಬುಕರ್ಕನು ಆ ಗೋವೆಯನ್ನು ಹಿಡಿದನು. ಹಿಡಿಯುವಂತೆ ಅವನಿಗೆ ಸಲಹೆಯಿತ್ತವನು ಹೊನ್ನಾವರದ ಕಡೆಯ ತಿಮ್ಮೋಜಿಯೆಂಬ ನಾವಿಕ. ಗೋವೆಯ ಕಾವಲು ಸಡಿಲವಾಗಿದೆ, ಈಗ ಹೋದರೆ ದಕ್ಕುವುದೆಂದು ಅವನಿಗೆ ತಿಳಿದಿತ್ತು. ದೂರದ ರಾಜಧಾನಿಗೆ ಆ ಸಡಿಲು ಹೊತ್ತಿಗೆ ಸರಿಯಾಗಿ ತಿಳಿದಂತೆ ಕಾಣುವುದಿಲ್ಲ. ಬಿಜಾಪುರದ ದಂಡು ಮೇ ತಿಂಗಳಲ್ಲಿ ಗೋವೆಯನ್ನು ಮರಳಿ ಪಡೆದುದೇನೋ ನಿಜ. ಆದರೆ ಅದೇ ವರುಷ ನವೆಂಬರ 25ಕ್ಕೆ ಅದು ಮತ್ತೆ ಕೈಬಿಟ್ಟಿತು, ಮತ್ತು ಪೋರ್ತುಗೀಜರು 1961ರ ವರೆಗೆ ಅಲ್ಲಿಂದ ಕದಲಲಿಲ್ಲ. ಬಿಜಾಪುರದಲ್ಲಿ ಈಗಲೂ ನಿಂತಿರುವ ಉಪ್ಪಲಿ ಬುರುಜು ಆ ಶತಮಾನದ ಕೊನೆಗೆ ಕಟ್ಟಿದ್ದು. ಸುಮಾರು 80 ಅಡಿ ಎತ್ತರ. ಮೈಸುತ್ತಿ ಏರುವ ಕಲ್ಲಿನ ಮೆಟ್ಟಿಲುಗಳು. ಮೇಲೆ ನಿಂತರೆ ಸುತ್ತಲಿನ ಬಯಲೆಲ್ಲ ಅಂಗೈಯಂತೆ ಕಾಣುತ್ತದೆ. ಕಾಣದೆ ಇರುವುದು ಕಡಲೊಂದೇ.

ಈ ಹಳೆಯ ಮಾತು ನಮ್ಮ ಮನಸ್ಸಿಗೆ ಬಂದುದು ಮಂಗಳೂರಿಗೆ ಹೊರಟಾಗ. ನಾಲ್ಕು ತಾಲೂಕುಗಳ ನಾಲ್ವರು ಗೆಳೆಯರು ಕೂಡಿ ನವಮಂಗಳೂರು ಬಂದರವನ್ನು ಕಾಣಬೇಕೆಂದು ನಿಶ್ಚಯಿಸಿದೆವು. ವಿಜಯಪುರದಿಂದ ಮಂಗಳೂರಿಗೆ ಹೋಗುವ ರೈಲು ನಮ್ಮವರಿಗೆ ಬಹಳ ಅನುಕೂಲವಾದದ್ದು. ಇಂಡಿ ಸಿಂದಗಿಯವರು ವಿಜಯಪುರದಲ್ಲಿ ಹತ್ತಬಹುದು, ಬಾಗೇವಾಡಿಯವರು ಬಸವನ ಬಾಗೇವಾಡಿ ರೋಡ್ ನಿಲ್ದಾಣದಲ್ಲಿ, ಮುದ್ದೇಬಿಹಾಳದವರು ಆಲಮಟ್ಟಿಯಲ್ಲಿ. ಆಲಮಟ್ಟಿಯ ಹಿನ್ನೀರು ಕಣ್ಣಿಗೆ ಬಿದ್ದಾಗ ಮುದ್ದೇಬಿಹಾಳದ ಗೆಳೆಯರು, “ಇದಕ್ಕಿಂತ ದೊಡ್ಡದೇನ್ರೀ ಆ ಸಮುದ್ರ?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಮರುದಿನ ಪಣಂಬೂರಿನ ಮರಳಿನಲ್ಲಿ ನಿಂತಾಗ ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಸಮುದ್ರವನ್ನು ನೋಡಲು ಹೋಗುವವರು ಬಹಳ; ಬಂದರವನ್ನು ನೋಡಲು ಹೋಗುವವರು ಕಡಿಮೆ. ಆದರೆ ಗೃಹಸ್ಥನಾದವನು ಎರಡನೆಯದರ ವಿಚಾರವನ್ನೇ ಹೆಚ್ಚು ತಿಳಿದಿರಬೇಕು. ನವಮಂಗಳೂರು ಕರ್ನಾಟಕದ ಏಕಮಾತ್ರ ಮಹಾಬಂದರು. 1974ರಲ್ಲಿ ದೇಶದ ಒಂಬತ್ತನೆಯ ಮಹಾಬಂದರೆಂದು ಸಾರಲ್ಪಟ್ಟು, 1975ರ ಜನವರಿ 11ಕ್ಕೆ ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾಯಿತು. ಗುರುಪುರ ಹೊಳೆಯ ಅಳಿವೆಯ ಬಡಗಣಕ್ಕೆ, ನೆಲವನ್ನು ಅಗೆದು ಕೊಳದಂತೆ ಮಾಡಿ, ಎರಡು ಕಲ್ಲಿನ ತಡೆಗೋಡೆಗಳನ್ನು ಕೈಚಾಚಿದಂತೆ ಕಡಲಿಗೆ ಚಾಚಿ ಇದನ್ನು ರಚಿಸಿದ್ದಾರೆ. ವರುಷಕ್ಕೆ 4 ಕೋಟಿ ಟನ್ನಿಗಿಂತ ಹೆಚ್ಚಿನ ಸರಕು ಇಲ್ಲಿ ಏರಿಳಿಯುತ್ತದೆ. ಅಡಿಗೆಯ ಅನಿಲ, ಕಚ್ಚಾ ಎಣ್ಣೆ, ಕಲ್ಲಿದ್ದಲು, ತಾಳೆಯೆಣ್ಣೆ, ಗೊಬ್ಬರ ಒಳಗೆ ಬರುತ್ತವೆ. ಕಾಫಿ, ಗೇರುಬೀಜದ ತಿರುಳು, ಕಬ್ಬಿಣದ ಅದಿರಿನ ಉಂಡೆಗಳು ಹೊರಗೆ ಹೋಗುತ್ತವೆ. ಇಂಡಿಯ ಲಿಂಬೆಯ ತೋಟಕ್ಕೂ ಬಾಗೇವಾಡಿಯ ದ್ರಾಕ್ಷಿಯ ಪಡಗಿಗೂ ಹಾಕುವ ಪೊಟ್ಯಾಷ್ ಗೊಬ್ಬರವು ನಮ್ಮ ದೇಶದಲ್ಲಿ ಅಗೆದು ತೆಗೆಯುವಂಥದಲ್ಲ, ಪೂರಾ ಹಡಗಿನಲ್ಲಿಯೇ ಬರತಕ್ಕದ್ದು. ಇನ್ನು ದೊಡ್ಡ ಎಣ್ಣೆಹಡಗುಗಳು ಬಂದರದೊಳಗೆ ಬರಲಾರದೆ ನಡುಗಡಲಿನಲ್ಲಿ ಒಂದು ತೇಲುಬೋಯಿಗೆ ಕಟ್ಟಿಕೊಂಡು ನಿಲ್ಲುತ್ತವೆ; ಎಣ್ಣೆಯು ಕಡಲತಳದ ಕೊಳವೆಯ ದಾರಿಯಿಂದ ದಡಕ್ಕೆ ಬರುತ್ತದೆ. ಮಂಗಳೂರಿನ ಹತ್ತಿರ 15 ಲಕ್ಷ ಟನ್ನು, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನು ಹಿಡಿಯುವ ಗುಹೆಗಳನ್ನು ಬಂಡೆಯಲ್ಲಿ ಕೊರೆದು, ಆಪತ್ತಿನ ಕಾಲಕ್ಕೆಂದು ಎಣ್ಣೆಯನ್ನು ಕೂಡಿಡುವ ಏರ್ಪಾಡು ಮಾಡಿದ್ದಾರೆ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ಹುಗಿದಿಟ್ಟಂತೆಯೇ ಸರಿ.

ಇಷ್ಟು ಸಾಮಾನು ಇರುವ ಮನೆಗೆ ಕಾವಲು ಬೇಡವೇ? ಬಂದರದ ಹೆಬ್ಬಾಗಿಲಿನಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಜವಾನರು ನಮ್ಮನ್ನು ವಿನಯದಿಂದಲೇ ತಡೆದರು. ಪರವಾನಿಗೆ ಚೀಟಿಯಿಲ್ಲದೆ ಒಳಗೆ ಬಿಡುವಂತಿಲ್ಲವೆಂದರು. ನಮ್ಮಲ್ಲೊಬ್ಬರಿಗೆ ಕೊಂಚ ಬೇಸರವಾಯಿತು. ನಮಗೆ ಮಾತ್ರ ಅದು ಒಪ್ಪಿಗೆಯಾಯಿತು. ನಾಲ್ಕು ಜನ ಅಪರಿಚಿತರು ಬಂದು ಕೇಳಿದೊಡನೆ ತೆರೆಯುವ ಬಾಗಿಲು ಬಾಗಿಲೇ ಅಲ್ಲ. ಅಲ್ಲಿಂದ ಸುರತ್ಕಲ್ಲಿಗೆ ಹೋಗಿ, ಕಡಲಂಚಿನ ಬಂಡೆಯ ಮೇಲಿನ ಸದಾಶಿವ ದೇವಾಲಯದಲ್ಲಿ ಕೈಮುಗಿದು, ದೀಪಸ್ತಂಭದ ಬುಡದಲ್ಲಿ ಕುಳಿತು, ದೂರದಲ್ಲಿ ಲಂಗರು ಹಾಕಿ ಸರತಿಗೆ ಕಾದುನಿಂತ ಹಡಗುಗಳನ್ನು ಎಣಿಸಿದೆವು. ಕಡಲ ಕಾವಲಿನ ಮೊದಲ ಪಾಠವನ್ನು ಕಲಿಯಲು ದೀಪಸ್ತಂಭದ ಬುಡಕ್ಕಿಂತ ಒಳ್ಳೆಯ ಶಾಲೆ ಬೇರಿಲ್ಲ.

ಭೂಮಿ ದುಂಡಗಿರುವುದರಿಂದ ಎಷ್ಟು ಎತ್ತರ ಏರಿದರೆ ಅಷ್ಟು ದೂರ ಕಾಣುತ್ತದೆ. ದಡದಲ್ಲಿ ನಿಂತವನಿಗೆ ನೀರಿನ ಅಂಚು ಸುಮಾರು 5 ಕಿಲೋಮೀಟರಿಗೆ ಮುಗಿಯುತ್ತದೆ. 30 ಮೀಟರು ಎತ್ತರದಲ್ಲಿ ರಾಡಾರು ಇಟ್ಟರೆ ಅದು ನೀರ ಮಟ್ಟದ ವಸ್ತುವನ್ನು ಸುಮಾರು 22 ಕಿಲೋಮೀಟರಿನವರೆಗೆ ಅರಿಯಬಲ್ಲುದು. ಎತ್ತರವಾದ ಹಡಗನ್ನು ಇನ್ನೂ ದೂರದಿಂದ. ಉಪ್ಪಲಿ ಬುರುಜಿನ ವಿದ್ಯೆಯೂ ಇದೇ, ನಮ್ಮ ಹಳ್ಳಿಗಳ ಹುಡೇವುಗಳ ವಿದ್ಯೆಯೂ ಇದೇ. ಆದ್ದರಿಂದಲೇ ದೇಶದ ಕರಾವಳಿಯುದ್ದಕ್ಕೂ ರಾಡಾರುಗಳನ್ನು ನಿಲ್ಲಿಸಬೇಕಾದಾಗ ಬಹಳಮಟ್ಟಿಗೆ ದೀಪಸ್ತಂಭಗಳನ್ನೇ ಆರಿಸಿಕೊಂಡರು. ಮೊದಲ ಹಂತದಲ್ಲಿ ದ್ವೀಪಗಳನ್ನು ಕೂಡಿಸಿ 46 ಕಡೆ ಈ ಕಣ್ಣುಗಳನ್ನು ಇಟ್ಟರು. ಇವುಗಳನ್ನು ಕೂಡಿಸಿ ಕಟ್ಟಿದ್ದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ರಾಡಾರು ಹೇಳುವುದು ಇಷ್ಟೇ: “ಅಲ್ಲಿ ಏನೋ ಇದೆ, ಇಂಥ ದಿಕ್ಕಿಗೆ ಇಷ್ಟು ವೇಗದಲ್ಲಿ ಸರಿಯುತ್ತಿದೆ.” ಅದು ಯಾರೆಂದು ಹೇಳದು. ಹೆಸರು ಹೇಳುವುದಕ್ಕೆ ಇನ್ನೊಂದು ಯಂತ್ರವಿದೆ. ದೊಡ್ಡ ಹಡಗುಗಳೆಲ್ಲವೂ ಒಂದು ಸಣ್ಣ ಪೆಟ್ಟಿಗೆಯನ್ನು ಹೊತ್ತಿರಬೇಕೆಂದು ಅಂತರರಾಷ್ಟ್ರೀಯ ನಿಬಂಧನೆಯಿದೆ. ಪರದೇಶ ಸಂಚಾರದ ಹಡಗಿನ ಒಟ್ಟು ಅಳತೆ 300 ಟನ್ನು ಮೀರಿದರೆ ಅದು ಕಡ್ಡಾಯ. ಈ ಪೆಟ್ಟಿಗೆಯು, ಹಡಗು ಸಾಗುತ್ತಿರುವಾಗ ಕೆಲವೇ ಸೆಕೆಂಡುಗಳಿಗೊಮ್ಮೆ, ಲಂಗರು ಹಾಕಿದಾಗ ಮೂರು ನಿಮಿಷಕ್ಕೊಮ್ಮೆ, ತನ್ನ ಗುರುತನ್ನೂ ನಿಂತ ಜಾಗವನ್ನೂ ಹಿಡಿದ ದಿಕ್ಕನ್ನೂ ರೇಡಿಯೋ ಮೂಲಕ ಸಾರುತ್ತ ಹೋಗುತ್ತದೆ. ಕಾವಲುಕೋಣೆಯಲ್ಲಿ ಕುಳಿತವನು ರಾಡಾರಿನ ಚುಕ್ಕೆಯನ್ನೂ ಪೆಟ್ಟಿಗೆಯ ಕೂಗನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತಾನೆ. ಎರಡೂ ಹೊಂದಿದರೆ ಸರಿ. ಚುಕ್ಕೆಯುಂಟು, ಹೆಸರಿಲ್ಲ ಎಂದಾದರೆ ಅವನು ಎಚ್ಚರಗೊಳ್ಳಬೇಕು. ಹೆಸರುಂಟು, ಆ ಜಾಗದಲ್ಲಿ ಚುಕ್ಕೆಯಿಲ್ಲ ಎಂದಾದರೆ ಇನ್ನೂ ಹೆಚ್ಚು ಎಚ್ಚರಗೊಳ್ಳಬೇಕು, ಯಾಕೆಂದರೆ ಈ ಪೆಟ್ಟಿಗೆಗೆ ಸುಳ್ಳು ಹೇಳಿಸುವ ಖದೀಮರೂ ಲೋಕದಲ್ಲಿದ್ದಾರೆ. ಕತ್ತಲೆಯಲ್ಲಿ ಮೈಯ ಕಾವಿನಿಂದಲೇ ವಸ್ತುವನ್ನು ಕಾಣುವ ಕ್ಯಾಮರಾಗಳಿವೆ. ಮಾತನಾಡಿಸಲು ರೇಡಿಯೋ ಇದೆ; ಅದರ 16ನೆಯ ಚಾನೆಲ್ಲಿಗೆ ಲೋಕದ ಹಡಗುಗಳೆಲ್ಲ ಸದಾ ಕಿವಿಗೊಟ್ಟಿರುತ್ತವೆ.

ಯಂತ್ರಗಳ ಮಾತು ಹೀಗಾದರೆ ಕಾಗದಪತ್ರಗಳದು ಬೇರೆ. ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಹೊಸಬರನ್ನು ಕಂಡೊಡನೆ, “ಯಾವೂರು? ಯಾರ ಪೈಕಿ? ಎಲ್ಲಿಂದ ಬಂದಿರಿ? ಎಲ್ಲಿಗೆ ಹೊಂಟೀರಿ?” ಎಂದು ಕೇಳುವರಲ್ಲವೆ? ಹಡಗಿಗೂ ಅವೇ ಪ್ರಶ್ನೆಗಳು. ನಮ್ಮ ದೇಶದ ಬಂದರಿಗೆ ಬರುವ ಹಡಗು 96 ತಾಸು ಮುಂಚಿತವಾಗಿ ತನ್ನ ವಿವರವನ್ನು ಕಳಿಸಬೇಕು. ಅದರಲ್ಲಿ ಹಿಂದೆ ತಂಗಿದ ಹತ್ತು ಬಂದರುಗಳ ಹೆಸರೂ ಇರಬೇಕು. ಅಂಥ ಹತ್ತರಲ್ಲಿ ಒಂದು ಅನುಮಾನದ ಊರಾಗಿದ್ದರೆ ತಪಾಸಣೆ ಕಟ್ಟುನಿಟ್ಟಾಗುತ್ತದೆ. ಹಡಗಿನ ಹೆಸರು, ಒಡೆಯ, ಬಾವುಟ ಎಷ್ಟು ಸಾರಿ ಬದಲಾದರೂ ಬದಲಾಗದ ಏಳಂಕಿಯ ಸಂಖ್ಯೆಯೊಂದನ್ನು ಅದರ ಮೈಮೇಲೆಯೇ ಅಳಿಯದಂತೆ ಬರೆಸಿರಬೇಕು. ಈ ಕಟ್ಟಳೆಗಳೆಲ್ಲ 2001ರ ಸಪ್ಟಂಬರ 11ರಂದು ಅಮೇರಿಕೆಯಲ್ಲಿ ನಡೆದ ದಾಳಿಯ ತರುವಾಯ ರೂಪುಗೊಂಡು, 2004ರ ಜುಲೈ 1ರಿಂದ ಜಾರಿಗೆ ಬಂದವು. ಆಗಿನಿಂದ ಪ್ರತಿ ಬಂದರಕ್ಕೆ ಒಬ್ಬ ಭದ್ರತಾಧಿಕಾರಿ, ಪ್ರತಿ ಹಡಗಿಗೆ ಒಬ್ಬ ಭದ್ರತಾಧಿಕಾರಿ, ಭಯದ ಪ್ರಮಾಣಕ್ಕೆ ತಕ್ಕಂತೆ ಒಂದು ಎರಡು ಮೂರೆಂದು ಎಚ್ಚರದ ಮಟ್ಟಗಳು.

ಗೋವೆಯ ಪೋರ್ತುಗೀಜರೂ ಇಂಥದೇ ಒಂದು ಚೀಟಿಯನ್ನು ನಡೆಸಿದ್ದರು. ಕಾರ್ತಾಜ್ ಎಂದು ಅದರ ಹೆಸರು. ಹಡಗು ಯಾವುದು, ನಾವಿಕ ಯಾರು, ಸರಕೇನು, ಆಯುಧಗಳೆಷ್ಟು, ಹೋಗುವುದೆಲ್ಲಿಗೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಚೀಟಿಯಿಲ್ಲದ ಹಡಗು ಅವರ ಕೈಗೆ ಸಿಕ್ಕರೆ ಸರಕು ಸಹಿತ ಸೂರೆಯಾಗುತ್ತಿತ್ತು. ಪ್ರಶ್ನೆಗಳು ಅಂದಿನವೂ ಇಂದಿನವೂ ಒಂದೇ. ಆದರೆ ಅಂದು ಕೇಳುವವನು ಕಾವಲುಗಾರನೂ ಹೌದು, ದರೋಡೆಗಾರನೂ ಹೌದು. ಇಂದಿನ ನಿಬಂಧನೆಗಳನ್ನು ಎಲ್ಲ ರಾಷ್ಟ್ರಗಳು ಒಂದೆಡೆ ಕೂಡಿ ಒಪ್ಪಿಕೊಂಡಿವೆಯೆಂಬುದು ಸಣ್ಣ ಭೇದವಲ್ಲ.

ನಮ್ಮ ದೇಶವು ಈ ಪಾಠಕ್ಕೆ ಬಹಳ ಬೆಲೆ ತೆತ್ತಿದೆ. 1993ರ ಮಾರ್ಚ 12ಕ್ಕೆ ಮುಂಬಯಿಯನ್ನು ನಡುಗಿಸಿದ ಸ್ಫೋಟಕ ವಸ್ತುಗಳು ಕೊಂಕಣದ ನಿರ್ಜನ ದಂಡೆಗಳಲ್ಲಿ ಇಳಿದಿದ್ದವು. ಹದಿನೈದು ವರುಷಗಳಾದ ಮೇಲೆ, 2008ರ ನವೆಂಬರ 26ರ ರಾತ್ರಿ, ಹತ್ತು ಜನ ಕೊಲೆಗಡುಕರು ‘ಕುಬೇರ’ ಎಂಬ ನಮ್ಮದೇ ಮೀನಿನ ಬೋಟನ್ನು ನಡುಗಡಲಿನಲ್ಲಿ ಅಪಹರಿಸಿ, ಮುಂಬಯಿಯ ಹತ್ತಿರ ರಬ್ಬರಿನ ದೋಣಿಗೆ ಇಳಿದು, ಮೀನುಗಾರರ ಕೇರಿಯ ದಂಡೆಯಲ್ಲಿ ಕಾಲಿಟ್ಟರು. ಆಮೇಲೆ ಏರ್ಪಾಡುಗಳು ತ್ವರೆಗೊಂಡವು. ಒಟ್ಟು ಹೊಣೆಯನ್ನು ನೌಕಾಪಡೆಗೆ ವಹಿಸಿದರು. ದಡದ ಸಮೀಪದ ಕಡಲನ್ನು ತಟರಕ್ಷಕ ಪಡೆಗೆ, ಅಂದರೆ ಜನರ ಮಾತಿನ ಕೋಸ್ಟ್ ಗಾರ್ಡಿಗೆ. ಮಂಗಳೂರು, ಮಲ್ಪೆ, ಭಟ್ಕಳ, ಕಾರವಾರ ಮುಂತಾದ ಕಡೆಗಳಲ್ಲಿ ಕರಾವಳಿ ಪೋಲೀಸರು. ದೇಶದ ರಾಡಾರುಗಳು ಕಂಡುದನ್ನೆಲ್ಲ ಒಂದೇ ತೆರೆಯ ಮೇಲೆ ತೋರಿಸುವ ಕೇಂದ್ರವೊಂದು 2014ರಲ್ಲಿ ಗುರುಗ್ರಾಮದಲ್ಲಿ ತೆರೆಯಿತು. 2019ರ ಜನವರಿಯಲ್ಲಿ ಇಡೀ ಕರಾವಳಿಯ ಮೇಲೆ ಹುಸಿದಾಳಿ ಮಾಡಿಸಿ ಕಾವಲನ್ನು ಪರೀಕ್ಷಿಸಿದರು. ಕಾವಲುಗಾರ ಮಲಗಿದ್ದಾನೋ ಎದ್ದಿದ್ದಾನೋ ಎಂದು ಗೌಡನು ನಡುರಾತ್ರಿ ಹೊಲಕ್ಕೆ ಹೋಗಿ ನೋಡಿದಂತೆ.

ಕಳ್ಳನು ದೋಣಿಯಲ್ಲಿಯೇ ಬರಬೇಕೆಂದಿಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿಯೂ ಬರುತ್ತಾನೆ. 2021ರ ಸಪ್ಟಂಬರದಲ್ಲಿ ಗುಜರಾತದ ಮುಂದ್ರಾ ಬಂದರದಲ್ಲಿ ಕಲ್ಲುಪುಡಿಯೆಂದು ಬರೆಸಿ ತಂದಿದ್ದ ಸರಕಿನಲ್ಲಿ ಸುಮಾರು 3000 ಕಿಲೋ ಹೆರಾಯಿನ್ ಸಿಕ್ಕಿತು. ಕೆಲವೊಮ್ಮೆ ಹೊರಗಿನ ಕಳ್ಳನೇ ಬೇಕಾಗಿಲ್ಲ. ಲೆಬನಾನಿನ ಬೇರೂತ್ ಬಂದರದ ಉಗ್ರಾಣದಲ್ಲಿ 2750 ಟನ್ನು ಅಮೋನಿಯಂ ನೈಟ್ರೇಟು ವರುಷಗಟ್ಟಲೆ ಬಿದ್ದಿತ್ತು. ಅದು ಅಲ್ಲಿರುವುದು ಅಧಿಕಾರಿಗಳಿಗೆ ತಿಳಿದೂ ಇತ್ತು. 2020ರ ಆಗಸ್ಟ 4ಕ್ಕೆ ಅದಕ್ಕೆ ಬೆಂಕಿ ತಗಲಿ 200ಕ್ಕಿಂತ ಹೆಚ್ಚು ಜನರು ಸತ್ತರು, ಅರ್ಧ ನಗರ ಹಾಳಾಯಿತು. ಅಲ್ಲಿ ಕೊರತೆಯಾದುದು ಕಣ್ಣಲ್ಲ. ಕಂಡುದನ್ನು ತನ್ನ ಕೆಲಸವೆಂದು ಎತ್ತಿಕೊಳ್ಳುವ ಕೈ.

ಇಷ್ಟನ್ನು ಕೇಳಿದ ಓದುಗರು ಕಡಲ ಕಾವಲೆಂದರೆ ಕಳ್ಳರನ್ನು ಹಿಡಿಯುವ ಉಪಾಯವೆಂದು ತಿಳಿಯಬಹುದು. ನಮ್ಮ ಎಣಿಕೆ ಬೇರೆ. ಸಿಂದಗಿಯ ಕಡೆಗೆ ಹಿಂಗಾರಿಯ ಜೋಳ ಹಾಲುಗಾಳಿಗೆ ಬಂದಾಗ ಹೊಲದ ನಡುವೆ ಮಂಚಿಕೆ ಹಾಕಿ, ಕವಣೆ ಹಿಡಿದು ಕುಳಿತ ಮುದುಕನನ್ನು ನೋಡಿರಿ. ಅವನ ಹೆಚ್ಚಿನ ಹೊತ್ತು ಕಳ್ಳರನ್ನು ಕಾಣುವುದರಲ್ಲಿ ಕಳೆಯುವುದಿಲ್ಲ. ಈಗ ಹೋದವನು ನೆರೆಯ ಹೊಲದವನು, ಆ ದನ ಇಂಥವರದು, ಬುತ್ತಿ ತರುತ್ತಿರುವವಳು ನಮ್ಮ ಸೊಸೆ ಎಂದು ಗುರುತು ಹಿಡಿಯುವುದರಲ್ಲಿ ಕಳೆಯುತ್ತದೆ. ತನ್ನವರೆಲ್ಲರ ಗುರುತಿದ್ದವನಿಗೆ ಮಾತ್ರ ಪರಕೀಯನು ಎದ್ದು ಕಾಣುತ್ತಾನೆ. ಸೊಸೆ ಬರುವ ಹೊತ್ತು ಮೀರಿದರೆ ಎದ್ದು ಹುಡುಕುವವನೂ ಅವನೇ.

ಕಡಲಿನಲ್ಲಿ ತನ್ನವರೆಂದರೆ ಮೀನುಗಾರರು. ಮತ್ತು ಯಂತ್ರದ ಕಣ್ಣು ಸೋಲುವುದು ಅವರ ಮುಂದೆಯೇ. ಮರದ ಅಥವಾ ಫೈಬರಿನ ಚಿಕ್ಕ ಬೋಟು ರಾಡಾರಿನ ಕಿರಣವನ್ನು ಕಬ್ಬಿಣದ ಹಡಗಿನಂತೆ ಮರಳಿಸುವುದಿಲ್ಲ. ತೆರೆಗಳು ಎದ್ದರೆ ಬೋಟು ಯಾವುದು, ತೆರೆ ಯಾವುದು ಎಂದು ತಿಳಿಯದು. 2021ರ ಏಪ್ರಿಲದಲ್ಲಿ ಮಂಗಳೂರಿನ ಪಡುವಣ ಕಡಲಿನಲ್ಲಿ ರಾತ್ರಿಯ ವೇಳೆ ಸಿಂಗಾಪುರದ ಬಾವುಟದ ದೊಡ್ಡ ಹಡಗಿಗೂ ಕೇರಳದ ಬೇಪೂರಿನ ‘ರಬಾಹ್’ ಎಂಬ ಮೀನಿನ ಬೋಟಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಉಳಿದವರು ಇಬ್ಬರು. ಅದಕ್ಕೂ ಮೊದಲು, 2018ರ ಡಿಸೆಂಬರ 13ಕ್ಕೆ, ‘ಸುವರ್ಣ ತ್ರಿಭುಜ’ವೆಂಬ ಬೋಟು ಏಳು ಜನರೊಡನೆ ಮಲ್ಪೆಯಿಂದ ಹೊರಟಿತು. ಎರಡು ದಿನಗಳ ತರುವಾಯ ಅದರ ಸುದ್ದಿ ನಿಂತಿತು. ಅಪಹರಣವಾಯಿತೆ, ಮುಳುಗಿತೆ, ಎಲ್ಲಿಗೆ ಹೋಯಿತು? ಹೆಂಡಿರು ಮಕ್ಕಳು ತಿಂಗಳುಗಟ್ಟಲೆ ಹೀಗೆ ಕೇಳುತ್ತ ಕುಳಿತರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ‘ನಿರೀಕ್ಷಕ’ ಹಡಗು ಮಹಾರಾಷ್ಟ್ರದ ಮಾಲ್ವಣದ ಕಡಲತಳದಲ್ಲಿ ಅದರ ಅವಶೇಷಗಳನ್ನು ಕಂಡುಹಿಡಿಯಿತು. ದೂರದೇಶದ ಹಡಗಿನ ಹಿಂದಿನ ಹತ್ತು ಬಂದರುಗಳನ್ನು ನಾವು ಬಲ್ಲೆವು. ಮಲ್ಪೆಯ ಏಳು ಜನರು ಎಲ್ಲಿದ್ದಾರೆಂದು ಐದು ತಿಂಗಳು ತಿಳಿಯಲಿಲ್ಲ. ಈ ಕಾವಲಿನ ನಿಜವಾದ ಒರೆಗಲ್ಲು ಇದೇ ಎಂದು ನಮಗೆ ತೋರುತ್ತದೆ. ಹಾಗೆಂದು ಪಾರಾಗಿ ಬಂದವರು ಕಡಿಮೆಯೆಂದಲ್ಲ. 2022ರ ಜೂನಿನಲ್ಲಿ ಉಳ್ಳಾಲದ ಹತ್ತಿರ ನೀರು ತುಂಬಿದ ಹಡಗಿನಿಂದ 15 ಜನ ಸಿರಿಯಾ ದೇಶದವರನ್ನು ತಟರಕ್ಷಕ ಪಡೆಯವರು ಇಳಿಸಿ ತಂದರು. 2025ರ ಜೂನ್ 9ಕ್ಕೆ ಕೇರಳದ ಕಡಲಿನಲ್ಲಿ ಬೆಂಕಿ ಹೊತ್ತಿದ ಹಡಗಿನ 22 ಜನರಲ್ಲಿ 18 ಜನರನ್ನು ಉಳಿಸಿ ನವಮಂಗಳೂರಿಗೇ ತಂದರು.

ಮಾರನೆಯ ದಿನ ಬೆಳಗಿನಲ್ಲಿ ಮಂಗಳೂರಿನ ಹಳೆಯ ಬಂದರದ ಧಕ್ಕೆಗೆ ಹೋದೆವು. ಇದು ಮಹಾಬಂದರಿನಂತಲ್ಲ; ತಡೆಯುವವರಿಲ್ಲ, ಕೇಳುವವರಿಲ್ಲ, ಮೀನಿನ ಬುಟ್ಟಿ ಹೊತ್ತವರಿಗೆ ದಾರಿ ಬಿಟ್ಟರಾಯಿತು. ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಆ ನಿಷೇಧ ಮುಗಿದು ಕೆಲವು ವಾರಗಳಷ್ಟೇ ಆಗಿದ್ದುದರಿಂದ ಎಲ್ಲೆಲ್ಲಿಯೂ ಗಡಿಬಿಡಿ. ಬಲೆಯ ರಾಶಿಯ ಮೇಲೆ ಕುಳಿತಿದ್ದ ವಯಸ್ಸಾದ ತಂಡೇಲರೊಬ್ಬರನ್ನು ನಮ್ಮ ಸಿಂದಗಿಯ ಗೆಳೆಯರು ಮಾತನಾಡಿಸಿದರು.

“ಯಜಮಾನ್ರ, ಸಮುದ್ರದಾಗ ಹೊಸಾ ಬೋಟು ಬಂದ್ರ ನಿಮಗ ಗೊತ್ತಾಗ್ತದೇನ್ರೀ?”

“ಗೊತ್ತಾಗದೆ ಏನು ಮಾರಾಯ್ರೇ? ಬಣ್ಣ ನೋಡಿದರೆ ಯಾವ ರಾಜ್ಯದ್ದು ಅಂತ ಗೊತ್ತಾಗ್ತದೆ. ಬಲೆ ಬಿಡುವ ಕ್ರಮ ನೋಡಿದರೆ ಯಾವ ಊರಿನವರು ಅಂತಲೂ ಗೊತ್ತಾಗ್ತದೆ. ಬಲೆಯೇ ಬಿಡದೆ ಸುಮ್ಮನೆ ನಿಂತಿದ್ದರೆ, ಅದು ನಮ್ಮ ಪೈಕಿ ಅಲ್ಲ.”

ಅಷ್ಟೊಂದು ರಾಡಾರುಗಳ ವಿವರವನ್ನು ಓದಿ ಬಂದಿದ್ದ ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು.

ಸಣ್ಣ ಬೋಟುಗಳ ಸಲುವಾಗಿ ಇಸ್ರೋ ಸಂಸ್ಥೆಯು ರೂಪಿಸಿದ, ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಂದೇಶ ಕಳಿಸಬಲ್ಲ ಪೆಟ್ಟಿಗೆಯ ವಿಚಾರ ಬಂತು. ಮೊಬೈಲು ಹತ್ತದ ದೂರದಿಂದಲೂ ಆಪತ್ತಿನ ಗುಂಡಿ ಒತ್ತಿದರೆ ದಡಕ್ಕೆ ತಿಳಿಯುತ್ತದೆ. ಗಾಳಿಮಳೆಯ ಸೂಚನೆ ಬೋಟಿಗೆ ಮುಟ್ಟುತ್ತದೆ. ಕರಾವಳಿಯ ರಾಜ್ಯಗಳಲ್ಲಿ ಒಟ್ಟು 1 ಲಕ್ಷ ಬೋಟುಗಳಿಗೆ ಇದನ್ನು ಹಾಕಿಸುವ ಯೋಜನೆಯು 2024ರ ಆಗಸ್ಟ 30ಕ್ಕೆ ಪ್ರಾರಂಭವಾಯಿತು. ಇದರಲ್ಲಿ ಬೇಡವೆನ್ನುವಂಥದೇನಿದೆಯೆಂದು ನಾವು ಕೇಳಿದೆವು. ತಂಡೇಲರು ನಕ್ಕರು. ಒಳ್ಳೆಯ ಮೀನಿರುವ ಜಾಗವೆಂದರೆ ಬೋಟಿನವನ ಗಂಟು. ಅಪ್ಪ ಮಗನಿಗೆ ಹೇಳುವುದು, ಮಗ ಅಳಿಯನಿಗೂ ಹೇಳದೆ ಇರುವುದು. ತಾನೆಲ್ಲಿದ್ದೇನೆಂದು ಸಾರುವ ಪೆಟ್ಟಿಗೆ ಬೋಟಿನಲ್ಲಿದ್ದರೆ ಆ ಗುಟ್ಟು ಗುಟ್ಟಾಗಿ ಉಳಿಯುವುದೇ ಎಂಬುದು ಅವರ ಸಂದೇಹ. ಹಲವರು ಹಾಗೆಂದೇ ಹಿಂಜರಿಯುತ್ತಾರಂತೆ. ಇದನ್ನು ಅಜ್ಞಾನವೆಂದು ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ. ಕೊಳವೆಬಾವಿಗೆ ನೀರು ಬಿದ್ದ ಜಾಗವನ್ನು ನಮ್ಮ ಇಂಡಿಯ ಒಕ್ಕಲಿಗನು ಊರಿಗೆಲ್ಲ ಸಾರಿಕೊಂಡು ಬರುತ್ತಾನೆಯೇ?

“ಹಂಗಾರ ನೀವು ಹಾಕ್ಸೂದಿಲ್ಲೇನ್ರೀ ಯಜಮಾನ್ರ?” ಎಂದು ಮುದ್ದೇಬಿಹಾಳದ ಗೆಳೆಯರು ಕೇಳಿದರು.

“ಹಾಕಿಸಿದ್ದೇನೆ. ಈಗ ಬೋಟಿನಲ್ಲಿ ಹೋಗುವುದು ನಾನಲ್ಲ, ನನ್ನ ಮಗ.”

ಅಷ್ಟರಲ್ಲಿ ಮಂಜುಗಡ್ಡೆಯ ಲಾರಿ ಬಂದು ಧಕ್ಕೆಯಲ್ಲಿ ನಿಂತಿತು. ತಂಡೇಲರು ಬಲೆಯನ್ನು ಬದಿಗೆ ಸರಿಸಿ ಎದ್ದು ಹೋದರು.